ಎನ್‌ಪಿಟಿಇಎಲ್ ಮೇಲ್‌ಗಳ ರಾಶಿಯಲ್ಲಿ ಬೇಕಾದ್ದನ್ನು ಹುಡುಕೋದು ಹೇಗೆ?

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಇದ್ದದ್ದು ಆನ್‌ಲೈನ್ ಕೋರ್ಸಿನ ತಾಪತ್ರಯವೇ. ಪಾಠ ಅರ್ಥವಾಗಲಿಲ್ಲ ಅಂತ ಯಾರೂ ಬರೆದಿಲ್ಲ. ಮೇಲ್ ನೋಡಲಿಲ್ಲ, ಮೇಲ್ ಸಿಗಲಿಲ್ಲ, ಮೇಲ್‌ಗೆ ಉತ್ತರ ಬರಲಿಲ್ಲ, ಬರೀ ಇದೇ. ಚೆನ್ನಾಗಿ ಓದುವ ಮಕ್ಕಳು ಇಷ್ಟಕ್ಕೇ ಸರ್ಟಿಫಿಕೇಟ್ ಕಳಕೊಳ್ಳುವುದು ನೋಡಿದರೆ ಸಂಕಟವಾಗುತ್ತದೆ. ಅದಕ್ಕೇ ಈ ಸಲ ಪೂರ್ತಿ ಪುಟ ಇದಕ್ಕೇ ಮೀಸಲು.

ಪ್ರಶ್ನೆ: ಮೇಡಂ, ನಾನು ಐದನೇ ಸೆಮಿಸ್ಟರ್ ಬಿ.ಇ. ಓದುತ್ತಿದ್ದೇನೆ. ಕಾಲೇಜಿನಲ್ಲಿ ಹೇಳಿದರು ಅಂತ ಎನ್‌ಪಿಟಿಇಎಲ್‌ನಲ್ಲಿ (ಐಐಟಿಗಳು, ಐಐಎಸ್‌ಸಿ ಸೇರಿ ನಡೆಸುವ ಆನ್‌ಲೈನ್ ಕೋರ್ಸುಗಳ ತಾಣ) 12 ವಾರದ ಕೋರ್ಸಿಗೆ ಸೇರಿದೆ. ಅಸೈನ್‌ಮೆಂಟ್ ಎಲ್ಲಾ ಮಾಡುತ್ತಿದ್ದೇನೆ. ಆದರೆ ದಿನಾ ರಾಶಿ ರಾಶಿ ಮೇಲ್ ಬರುತ್ತದೆ, ಓದುವುದನ್ನೇ ಬಿಟ್ಟಿದ್ದೇನೆ. ಈಗ ಗೆಳತಿ ಪರೀಕ್ಷೆಗೆ ಬೇರೆ ಫಾರಂ ತುಂಬಬೇಕು ಅನ್ನುತ್ತಾಳೆ. ಹೌದಾ?
— ವಿದ್ಯಾರ್ಥಿನಿ, ಹಾಸನ

ಉತ್ತರ: ಹೌದು. ಈ ಪತ್ರಿಕೆ ಮುಚ್ಚಿಟ್ಟು ಮೊದಲು ಅದನ್ನು ನೋಡಿ. ಕೋರ್ಸಿಗೆ ಸೇರುವುದು ಬೇರೆ, ಪರೀಕ್ಷೆಗೆ ನೋಂದಾಯಿಸುವುದು ಬೇರೆ. ಸೇರೋದು ಉಚಿತ. ಪರೀಕ್ಷೆಗೆ ಬೇರೆ ಫಾರಂ ತುಂಬಿ 1000 ರೂಪಾಯಿ ಕಟ್ಟಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ, ಅಂಗವಿಕಲರಿಗೆ ಅರ್ಧ ರಿಯಾಯಿತಿ ಇದೆ. ಕೋರ್ಸ್ ಶುರುವಾದ ಮೇಲೆ ಈ ಫಾರಂ ತೆರೆಯುತ್ತದೆ, ಅದರ ಕೊನೆ ದಿನ ಮುಗಿದರೆ ಹನ್ನೆರಡು ಅಸೈನ್‌ಮೆಂಟಿಗೂ ನೂರಕ್ಕೆ ನೂರು ಬಂದಿದ್ದರೂ ಸರ್ಟಿಫಿಕೇಟ್ ಇಲ್ಲ, ಯಾಕೆಂದರೆ ಅದು ಸಿಗುವುದು ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆದವರಿಗೆ ಮಾತ್ರ. ಲೆಕ್ಕ ಹೀಗಿದೆ: 12 ಅಸೈನ್‌ಮೆಂಟ್‌ಗಳಲ್ಲಿ ಒಳ್ಳೆಯ 8ರ ಸರಾಸರಿಗೆ 25 ಅಂಕ, ಪರೀಕ್ಷೆಗೆ 75. ಪಾಸಾಗಲು 25ರಲ್ಲಿ 10, 75ರಲ್ಲಿ 30, ಎರಡೂ ಬರಬೇಕು. ಒಂದರಲ್ಲಿ ಜಾಸ್ತಿ ಬಂತು ಅಂತ ಇನ್ನೊಂದನ್ನು ಬಿಡುವ ಹಾಗಿಲ್ಲ. ಫಾರಂನಲ್ಲಿ ಹೆಸರು ಬರೆಯುವಾಗ ಇನಿಷಿಯಲ್ ಸಮೇತ ಮಾರ್ಕ್ಸ್ ಕಾರ್ಡಿನಲ್ಲಿ ಇದ್ದ ಹಾಗೇ ಬರೆಯಿರಿ. ಸರ್ಟಿಫಿಕೇಟಿನಲ್ಲಿ ಅದೇ ಬರುವುದು.

ಇನ್ನು ಮೇಲ್ ರಾಶಿ. ಅದರಲ್ಲಿ ಎರಡು ಜಾತಿ ಇವೆ. ಒಂದು ಅನೌನ್ಸ್‌ಮೆಂಟ್: ಈ ವಾರದ ವಿಡಿಯೊ ಬಂದಿದೆ, ಅಸೈನ್‌ಮೆಂಟ್ ಕೊನೆ ದಿನ ಇಂಥದ್ದು, ಪರೀಕ್ಷೆ ಫಾರಂ ತೆರೆದಿದೆ. ಇವು ವಾರಕ್ಕೆ ಬೆರಳೆಣಿಕೆಯಷ್ಟು ಬರುತ್ತವೆ. ಇನ್ನೊಂದು ಡಿಸ್ಕಷನ್: ದೇಶದ ಯಾವುದೋ ಮೂಲೆಯ ವಿದ್ಯಾರ್ಥಿ ಮೂರನೇ ಪ್ರಶ್ನೆಯ ಉತ್ತರ ತಪ್ಪಿದೆ ಅಂತ ಬರೆದರೆ, ಅದೂ, ಅದಕ್ಕೆ ಬಂದ ಉತ್ತರಗಳೂ, ನನಗೂ ಹಾಗೇ ಆಗಿದೆ ಅನ್ನುವವರ ಸಾಲೂ ನಿಮ್ಮ ಇನ್‌ಬಾಕ್ಸಿಗೆ ಬಂದು ಬೀಳುತ್ತವೆ. ನಿಮ್ಮನ್ನು ಸುಸ್ತು ಮಾಡಿರುವುದು ಈ ಎರಡನೆಯದು. ನೀವು ಎರಡನ್ನೂ ಒಟ್ಟಿಗೆ ಓದೋದು ಬಿಟ್ಟಿರಿ, ಅಲ್ಲೇ ಪರೀಕ್ಷೆಯ ಸುದ್ದಿ ಕೈತಪ್ಪಿದ್ದು.

ಡಿಸ್ಕಷನ್ ಮೇಲ್‌ಗಳು ಬರುವುದು ಗೂಗಲ್ ಗ್ರೂಪ್ಸ್ ಮೂಲಕ. ಕಂಪ್ಯೂಟರಿನಲ್ಲಿ ಗೂಗಲ್ ಗ್ರೂಪ್ಸ್ ತೆರೆದು, ಕೋರ್ಸಿಗೆ ಕೊಟ್ಟಿರುವ ಮೇಲ್ ಐಡಿಯಲ್ಲೇ ಲಾಗಿನ್ ಆಗಿ, 'ಮೈ ಗ್ರೂಪ್ಸ್'ಗೆ ಹೋಗಿ. ಪ್ರತಿ ಗುಂಪಿನ ಹೆಸರಿನ ಪಕ್ಕ ಮೇಲ್ ಹೇಗೆ ಬರಬೇಕು ಅನ್ನುವ ಆಯ್ಕೆ ಇರುತ್ತದೆ. 'ಡೈಜೆಸ್ಟ್' ಆರಿಸಿದರೆ 25 ಸಂದೇಶಗಳವರೆಗೆ ಕಟ್ಟಿ ಒಂದೇ ಮೇಲ್ ಮಾಡಿ ಕಳಿಸುತ್ತದೆ. 'ನೋ ಇಮೇಲ್' ಆರಿಸಿದರೆ ಏನೂ ಬರುವುದಿಲ್ಲ, ಬೇಕೆನಿಸಿದಾಗ ನೀವೇ ಹೋಗಿ ಓದಬಹುದು. ನನ್ನ ಕೇಳಿದರೆ ಡೈಜೆಸ್ಟ್ ಇರಲಿ. ಅಸೈನ್‌ಮೆಂಟಿನ ಪ್ರಶ್ನೆಯಲ್ಲೇ ತಪ್ಪಿದ್ದರೆ ಮೊದಲು ಗೊತ್ತಾಗುವುದು ಅಲ್ಲಿ. ಸಿಟ್ಟಿನಲ್ಲಿ 'ಅನ್‌ಸಬ್‌ಸ್ಕ್ರೈಬ್' ಮಾತ್ರ ಒತ್ತಬೇಡಿ. ಅನೌನ್ಸ್‌ಮೆಂಟ್ ಗುಂಪಿನಿಂದಲೇ ಹೊರಬಿದ್ದೀರಿ.

ಅನೌನ್ಸ್‌ಮೆಂಟ್ ಮೇಲ್‌ಗಳಿಗೆ ಒಂದು ಲೇಬಲ್ ಮಾಡಿಕೊಳ್ಳಿ. ಅಂಥ ಒಂದು ಮೇಲ್ ತೆರೆದು, ಮೇಲಿರುವ ಮೂರು ಚುಕ್ಕಿ ಒತ್ತಿ, 'ಫಿಲ್ಟರ್ ಮೆಸೇಜಸ್ ಲೈಕ್ ದೀಸ್' ಆರಿಸಿ. ಲೇಬಲ್ ಹಾಕು, ಸ್ಟಾರ್ ಹಾಕು, ಸ್ಪ್ಯಾಮ್‌ಗೆ ಕಳಿಸಬೇಡ, ಈ ಮೂರಕ್ಕೂ ಟಿಕ್ ಮಾಡಿ. ಫೋನಿನ ಜಿಮೇಲ್ ಆಪ್‌ನಲ್ಲಿ ಇದನ್ನು ಮಾಡಲು ಆಗುವುದಿಲ್ಲ. ಕಾಲೇಜ್ ಲ್ಯಾಬಿನಲ್ಲೋ ಸೈಬರ್ ಸೆಂಟರಿನಲ್ಲೋ ಒಂದು ಸಲ ಮಾಡಿದರೆ ಸಾಕು. ಎದ್ದು ಬರುವಾಗ ಲಾಗೌಟ್ ಮರೀಬೇಡಿ. ಸ್ಪ್ಯಾಮ್ ಫೋಲ್ಡರನ್ನೂ ಆಗಾಗ ನೋಡಿ. ಅದರಲ್ಲಿ ಬಿದ್ದದ್ದು 30 ದಿನಕ್ಕೆ ತಾನಾಗೇ ಅಳಿಸಿಹೋಗುತ್ತದೆ.

ಇನ್ನೊಂದು ಮಾತು, ನೀವು ಕೇಳದಿದ್ದರೂ ಹೇಳುತ್ತೇನೆ. ಅಸೈನ್‌ಮೆಂಟ್ ಕಳಿಸಿದ ಮೇಲೆ ಪುಟವನ್ನು ಇನ್ನೊಮ್ಮೆ ತೆರೆದು ನೋಡಿ. ಕೊನೆಗೆ ಯಾವಾಗ ಸಲ್ಲಿಸಿದಿರಿ ಅಂತ ತಾರೀಖು, ಗಂಟೆ ಸಮೇತ ಒಂದು ಸಾಲು ಇರಬೇಕು. ಅದರ ಬದಲು ನಮ್ಮ ದಾಖಲೆ ಪ್ರಕಾರ ನೀವು ಸಲ್ಲಿಸಿಲ್ಲ ಅನ್ನುವ ಸಾಲು ಇದ್ದರೆ ಉತ್ತರಗಳನ್ನು ಗುರುತು ಮಾಡಿ ಬಟನ್ ಒತ್ತದೇ ಬಂದಿದ್ದೀರಿ ಅಂತ ಅರ್ಥ. ಕೊನೆ ಗಡುವಿನ ತನಕ ಎಷ್ಟು ಸಲ ಬೇಕಾದರೂ ತಿದ್ದಿ ಕಳಿಸಬಹುದು, ಕೊನೆಯದ್ದು ಲೆಕ್ಕಕ್ಕೆ ಬರುತ್ತದೆ.

ಪ್ರಶ್ನೆ: ನಾನು ದೂರಶಿಕ್ಷಣದಲ್ಲಿ ಎಂ.ಎ. ಕನ್ನಡ ಓದುತ್ತಿದ್ದೇನೆ. ಪಾಠ, ಅಸೈನ್‌ಮೆಂಟ್ ಎಲ್ಲಾ ಮೂಡಲ್ ಅನ್ನೋ ತಾಣದಲ್ಲಿದೆ. ಅಸೈನ್‌ಮೆಂಟ್ ಅಪ್‌ಲೋಡ್ ಆಗುತ್ತಿಲ್ಲ ಅಂತ, ಬಂದ ಮೇಲ್‌ಗೇ ಉತ್ತರ ಬರೆದೆ. ಯಾರೂ ತಿರುಗಿ ಬರೆದಿಲ್ಲ. ಇಂಗ್ಲಿಷ್‌ನಲ್ಲಿ ಬರೆಯಲಿಲ್ಲ ಅಂತಲಾ?
— ಓದುಗರು, ರಾಯಚೂರು

ಉತ್ತರ: ಇಂಗ್ಲಿಷ್ ಕಾರಣವೇ ಅಲ್ಲ. ಕನ್ನಡ ಎಂ.ಎ. ಮೇಷ್ಟ್ರಿಗೆ ಕನ್ನಡದಲ್ಲಿ ಬರೆಯಲು ನಾಚಿಕೆ ಯಾಕೆ? ನಿಮಗೆ ಬಂದ ಮೇಲ್‌ನ ವಿಳಾಸ ನೋಡಿ. ಅದರಲ್ಲಿ 'ನೋರಿಪ್ಲೈ' ಅಂತ ಇದ್ದರೆ ಅದು ಯಂತ್ರ ಕಳಿಸಿದ್ದು, ಆ ವಿಳಾಸಕ್ಕೆ ಬಂದದ್ದನ್ನು ಯಾರೂ ಓದುವುದಿಲ್ಲ. ಕೋರ್ಸಿನ ಪುಟದಲ್ಲಿ ಮೇಷ್ಟ್ರ ಮೇಲ್ ಇರುತ್ತದೆ, ಇಲ್ಲದಿದ್ದರೆ ಮೂಡಲ್‌ನಲ್ಲೇ ಅವರ ಹೆಸರಿನ ಮೇಲೆ ಒತ್ತಿ ಸಂದೇಶ ಕಳಿಸಿ. ಬರೆಯೋದು ಇಷ್ಟೇ ಸಾಕು:

ವಿಷಯ: ಎಂ.ಎ. ಕನ್ನಡ, 2ನೇ ಸೆಮಿಸ್ಟರ್, ಅಸೈನ್‌ಮೆಂಟ್ 1 ಅಪ್‌ಲೋಡ್ ಆಗುತ್ತಿಲ್ಲ

ನಮಸ್ಕಾರ ಸರ್. ನನ್ನ ಹೆಸರು ಇಂಥದ್ದು, ನೋಂದಣಿ ಸಂಖ್ಯೆ ಇಂಥದ್ದು. ನಿನ್ನೆ ರಾತ್ರಿಯಿಂದ ಅಸೈನ್‌ಮೆಂಟ್ 1ರ ಪಿಡಿಎಫ್ ಹಾಕಲು ಪ್ರಯತ್ನಿಸುತ್ತಿದ್ದೇನೆ. ಫೈಲ್ ದೊಡ್ಡದಾಯಿತು ಅನ್ನುತ್ತದೆ. ಪರದೆಯ ಫೋಟೊ, ಪಿಡಿಎಫ್ ಎರಡೂ ಲಗತ್ತಿಸಿದ್ದೇನೆ. ಏನು ಮಾಡಲಿ, ದಯವಿಟ್ಟು ತಿಳಿಸಿ.

ಒಂದು ಮೇಲ್‌ಗೆ ಒಂದೇ ಪ್ರಶ್ನೆ ಇರಲಿ. ಪುಸ್ತಕ ಬಂದಿಲ್ಲ, ಫೀಸ್ ರಸೀದಿ ಬಂದಿಲ್ಲ ಅನ್ನೋದನ್ನೂ ಇದರಲ್ಲೇ ತುರುಕಿದರೆ ಯಾವುದಕ್ಕೂ ಉತ್ತರ ಬರುವುದಿಲ್ಲ. ಅವು ಬೇರೆ ವಿಭಾಗದ ಕೆಲಸ. ಫೋನಿನಲ್ಲಿ ತೆಗೆದ ಫೋಟೊಗಳಿಂದ ಮಾಡಿದ ಪಿಡಿಎಫ್ ತುಂಬಾ ದಪ್ಪ ಆಗುತ್ತದೆ, ಸ್ಕ್ಯಾನರ್ ಆಪ್‌ನಲ್ಲಿ ಕಪ್ಪು-ಬಿಳುಪು ಮಾಡಿದರೆ ಚಿಕ್ಕದಾಗುತ್ತದೆ. ಜಿಮೇಲ್‌ನಲ್ಲಿ 25 ಎಂಬಿಗಿಂತ ದೊಡ್ಡ ಲಗತ್ತು ನೇರವಾಗಿ ಹೋಗುವುದಿಲ್ಲ. ಡ್ರೈವ್ ಕೊಂಡಿಯಾಗಿ ಹೋಗುತ್ತದೆ, ಆಗ ಮೇಷ್ಟ್ರಿಗೆ ತೆರೆಯಲು ಅನುಮತಿ ಕೊಟ್ಟಿದ್ದೀರಾ ನೋಡಿ. ಸೆಟ್ಟಿಂಗ್ಸ್‌ನಲ್ಲಿ 'ಅನ್‌ಡೂ ಸೆಂಡ್' (ಕಳಿಸಿದ ಮೇಲನ್ನು ವಾಪಸ್ ಪಡೆಯಲು ಸಿಗುವ ಸಮಯ) ಅನ್ನು 30 ಸೆಕೆಂಡಿಗೆ ಏರಿಸಿಕೊಳ್ಳಿ. ಲಗತ್ತು ಹಾಕದೇ ಕಳಿಸಿದ್ದು ನೆನಪಾಗೋದು ಕಳಿಸಿದ ಮರುಕ್ಷಣವೇ ಅಲ್ವಾ?

ಪ್ರಶ್ನೆ: ಮಕ್ಕಳು ದೊಡ್ಡವರಾದ ಮೇಲೆ ಇಲ್ಲಿ ಕಮ್ಯುನಿಟಿ ಕಾಲೇಜಿನಲ್ಲಿ ಅಕೌಂಟಿಂಗ್ ಆನ್‌ಲೈನ್ ಕ್ಲಾಸಿಗೆ ಸೇರಿದ್ದೇನೆ. ಪಾಠ, ಗ್ರೇಡ್ ಎಲ್ಲಾ ಕ್ಯಾನ್ವಾಸ್ ಅನ್ನೋ ತಾಣದಲ್ಲಿ. ಗ್ರೇಡ್ ಬಗ್ಗೆ ನಮ್ಮ ಮನೆಯವರು ಅವರ ಜಿಮೇಲ್‌ನಿಂದ ಪ್ರೊಫೆಸರ್‌ಗೆ ಬರೆದರು, ಉತ್ತರ ಕೊಡಲು ಆಗಲ್ಲ ಅಂದರು. ಬೇಜಾರಾಯಿತು. ಜೂನ್‌ನಲ್ಲಿ ಮೈಸೂರಿಗೆ ಬರುತ್ತೇನೆ, ಅಲ್ಲಿಂದ ಕ್ಲಾಸ್ ಮಾಡಬಹುದಾ?
— ಓದುಗರು, ಕ್ಯಾಲಿಫೋರ್ನಿಯಾ

ಉತ್ತರ: ಬೇಜಾರು ಮಾಡಿಕೊಳ್ಳಬೇಡಿ, ಅವರು ಕಾನೂನಿಗೆ ಕಟ್ಟುಬಿದ್ದು ಹಾಗೆ ಹೇಳಿದ್ದಾರೆ. ಅಮೆರಿಕದಲ್ಲಿ 1974ರ ಫೆರ್ಪಾ ಕಾಯ್ದೆಯ ಪ್ರಕಾರ ಕಾಲೇಜು ವಿದ್ಯಾರ್ಥಿಯ ಅಂಕಗಳನ್ನು ಅವರ ಲಿಖಿತ ಒಪ್ಪಿಗೆ ಇಲ್ಲದೆ ಗಂಡನಿಗಾಗಲಿ ಬೇರೆಯವರಿಗಾಗಲಿ ಹೇಳುವ ಹಾಗಿಲ್ಲ. ಜಿಮೇಲ್‌ನಿಂದ ಬಂದ ಮೇಲ್ ಯಾರದ್ದು ಅಂತ ಅವರಿಗೆ ಖಾತ್ರಿಯೂ ಇರುವುದಿಲ್ಲ. ನೀವೇ ಕ್ಯಾನ್ವಾಸ್ ಇನ್‌ಬಾಕ್ಸಿನಿಂದ ಅಥವಾ ಕಾಲೇಜು ಕೊಟ್ಟ ಮೇಲ್‌ನಿಂದ ಬರೆಯಿರಿ. ಎರಡರಲ್ಲಿ ಯಾವುದು ಅನ್ನುವುದು ಸಿಲಬಸ್‌ನಲ್ಲೇ ಇರುತ್ತದೆ, ಎಷ್ಟು ಹೊತ್ತಿನಲ್ಲಿ ಉತ್ತರಿಸುತ್ತಾರೆ ಅನ್ನುವುದೂ ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಅಕೌಂಟ್‌ನ ಒಳಗೆ 'ನೋಟಿಫಿಕೇಷನ್ಸ್' ಅಂತಿದೆ. ಅನೌನ್ಸ್‌ಮೆಂಟ್, ಇನ್‌ಬಾಕ್ಸ್ ಸಂದೇಶ, ಗ್ರೇಡ್, ಈ ಮೂರನ್ನು ತಕ್ಷಣ ಬರುವ ಹಾಗೆ ಇಡಿ, ಉಳಿದದ್ದು ದಿನಕ್ಕೊಮ್ಮೆ ಬಂದರೆ ಸಾಕು.

ಮೈಸೂರಿನಿಂದ ಧಾರಾಳವಾಗಿ ಮಾಡಬಹುದು. ಆದರೆ ಗಡಿಯಾರ ನೋಡಿಕೊಳ್ಳಿ. ಜೂನ್‌ನಲ್ಲಿ ನಿಮ್ಮಲ್ಲಿ ರಾತ್ರಿ 11:59 ಅಂದರೆ ಇಲ್ಲಿ ಮರುದಿನ ಮಧ್ಯಾಹ್ನ 12:29. ಕ್ಯಾನ್ವಾಸ್ ಪ್ರೊಫೈಲ್‌ನಲ್ಲಿ ಟೈಮ್ ಝೋನ್ ಬದಲಿಸಿದರೆ ಗಡುವು ಭಾರತದ ಸಮಯದಲ್ಲೇ ಕಾಣುತ್ತದೆ, ಗಡುವೇನೂ ಮುಂದೆ ಹೋಗುವುದಿಲ್ಲ. ಲಾಗಿನ್ ಕೋಡ್ ನಿಮ್ಮ ಅಮೆರಿಕದ ನಂಬರಿಗೆ ಎಸ್ಸೆಮ್ಮೆಸ್ ಆಗಿ ಬರುತ್ತಿದ್ದರೆ ಹೊರಡುವ ಮೊದಲೇ ಕಾಲೇಜು ಒಪ್ಪುವ ಅಥೆಂಟಿಕೇಟರ್ ಆಪ್‌ಗೆ (ಎಸ್ಸೆಮ್ಮೆಸ್ ಇಲ್ಲದೆ ಫೋನಿನಲ್ಲೇ ಕೋಡ್ ತೋರಿಸುವ ಆಪ್) ಬದಲಿಸಿಕೊಳ್ಳಿ. ಇಲ್ಲಿಗೆ ಬಂದು ಸಿಮ್ ತೆಗೆದಿಟ್ಟರೆ ಒಳಗೇ ಹೋಗಲಾಗುವುದಿಲ್ಲ. ಬೇಸಿಗೆ ಕ್ಲಾಸ್ ಶುರುವಾದ ಮೊದಲ ದಿನಗಳಲ್ಲೇ ಲಾಗಿನ್ ಆಗಿ ಪರಿಚಯದ ಡಿಸ್ಕಷನ್‌ನಲ್ಲಿ ಬರೆದುಬಿಡಿ. ಅಷ್ಟೂ ಮಾಡದವರನ್ನು ಬಾರದವರೆಂದು ಕ್ಲಾಸಿನಿಂದ ತೆಗೆದುಹಾಕುತ್ತಾರೆ.

ಪ್ರಶ್ನೆ: ಮಗನಿಗೆ 'ಸ್ವಯಂ' (ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸ್ ತಾಣ) ಸರ್ಟಿಫಿಕೇಟ್ ಬಿಡುಗಡೆಗೆ ದುಡ್ಡು ಕಟ್ಟಿ ಅಂತ ಮೇಲ್ ಬಂದಿದೆ, ಇವತ್ತೇ ಕೊನೆ ದಿನವಂತೆ. ಕಟ್ಟಲಾ?
— ಒಬ್ಬ ತಂದೆ, ದಾವಣಗೆರೆ

ಉತ್ತರ: ಕಟ್ಟಬೇಡಿ. ಮೇಲ್‌ನ ಕೊಂಡಿ ಒತ್ತಲೂ ಬೇಡಿ. ಮಗ ತಾನೇ ಸ್ವಯಂ ತಾಣದ ವಿಳಾಸ ಟೈಪ್ ಮಾಡಿ ಲಾಗಿನ್ ಆಗಿ ನೋಡಲಿ. ಸರ್ಟಿಫಿಕೇಟ್ ಬಂದಿದ್ದರೆ ಅಲ್ಲೇ ಡೌನ್‌ಲೋಡ್‌ಗೆ ಇರುತ್ತದೆ. ಕಳಿಸಿದವರ ಹೆಸರು 'ಸ್ವಯಂ' ಅಂತ ಇದ್ದರೂ ಅದರ ಮೇಲೆ ಒತ್ತಿದರೆ ನಿಜವಾದ ವಿಳಾಸ ಕಾಣುತ್ತದೆ, ಯಾವುದೋ ಖಾಸಗಿ ಜಿಮೇಲ್ ಆಗಿದ್ದರೆ ಅನುಮಾನವೇ ಬೇಡ. ಅಷ್ಟರಲ್ಲಿ ದುಡ್ಡು ಕಟ್ಟಿಬಿಟ್ಟಿದ್ದರೆ ನಾಳೆಗೆ ಇಟ್ಟುಕೊಳ್ಳದೆ ಈಗಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ.