ಪೆರ್ಲದ ಅಕ್ಕನ ಪ್ರಶ್ನೆಗೆ: ಮೊದಲು ಅಣ್ಣನನ್ನು ತಿದ್ದಿ, ಮಳೆಯನ್ನು ಆಮೇಲೆ

ಅಕ್ಕಾ, ನೀವು ಹಾಕಿದ ಕಥೆಯನ್ನೂ ಅದರ ಕೆಳಗೆ ನಡೆದ ಜಗಳವನ್ನೂ ಓದಿದೆ. ತಡವಾಗಿ ಬಂದವರಿಗೆ ಗೊತ್ತಾಗಲಿ ಅಂತ ಚುಟುಕಾಗಿ ಹೇಳಿಬಿಡುತ್ತೇನೆ. ಕೇರಳಕ್ಕೆ ಸೇರಿದ ಕಾಸರಗೋಡಿನ ಗಡಿ ಊರು ಪೆರ್ಲದ ಹತ್ತಿರ ಒಂದು ಅಡಿಕೆ ತೋಟ. ಅಪ್ಪ ತೀರಿಕೊಂಡಿದ್ದಾರೆ, ಪಾಲು ಆಗಿಲ್ಲ. ಅಣ್ಣ ಊರಲ್ಲಿ, ತಮ್ಮ ಬೆಂಗಳೂರಲ್ಲಿ. ಆಟಿಯಲ್ಲಿ, ಅಂದರೆ ಜುಲೈ–ಆಗಸ್ಟಿನ ಜಡಿಮಳೆಯ ತುಳು ತಿಂಗಳಲ್ಲಿ, ತಮ್ಮ ಮನೆಗೆ ಬರುತ್ತಾನೆ, ಮಾತಿಗೆ ಮಾತು ಬೆಳೆಯುತ್ತದೆ, ಸಿಟ್ಟಿನಲ್ಲಿ ಬಸ್ಸು ಹತ್ತುತ್ತಾನೆ, ಇತ್ತ ಮಹಾಳಿ ಅನ್ನುವ ಕೊಳೆರೋಗ ಬಂದು ಎಳೆ ಅಡಿಕೆಯೆಲ್ಲ ಉದುರುತ್ತದೆ. ಇದಕ್ಕೆ ಒಬ್ಬರು "ಕಥೆಯಲ್ಲಿ ಎಂತದೂ ನಡೆಯುವುದಿಲ್ಲ" ಅಂದರು. ಇನ್ನೊಬ್ಬರು "ಅಣ್ಣ ತಮ್ಮ ಇಬ್ಬರಿಗೂ ಮುಖವೇ ಇಲ್ಲ" ಅಂದರು. ಮೂರನೆಯವರು "ಮಳೆಯ ವರ್ಣನೆ ಬಹಳ ಚೆಂದ, ಒಂದಕ್ಷರ ಮುಟ್ಟಬೇಡಿ" ಅಂದರು. ಘಟನೆ, ಪಾತ್ರ, ಪರಿಸರ ಇವುಗಳಲ್ಲಿ ಯಾವುದು ದೊಡ್ಡದು, ಯಾವುದನ್ನು ಮೊದಲು ತಿದ್ದಲಿ ಅಂತ ನೀವು ಕೇಳಿದಿರಿ.

ನನ್ನ ಮಟ್ಟಿಗೆ ಪಾತ್ರವೇ ಮೊದಲು. ಆದರೆ ಅದನ್ನು ತಿದ್ದಲು ಬೇಕಾದ ಸಾಮಾನೆಲ್ಲ ನಿಮ್ಮ ತೋಟದಲ್ಲೇ ಇದೆ. ನೀವು ಅದನ್ನು ವರ್ಣನೆಗೆ ಖರ್ಚು ಮಾಡಿಬಿಟ್ಟಿದ್ದೀರಿ.

ಪಾತ್ರಕ್ಕೆ ಯಾಕೆ ಮೊದಲ ಮಣೆ ಅಂದರೆ, ನಮ್ಮ ಕಡೆಯ ತಾಳಮದ್ದಳೆಯನ್ನೇ ನೋಡಿ, ಕೂತಲ್ಲೇ ಮಾತಿನಲ್ಲಿ ನಡೆಸುವ ಯಕ್ಷಗಾನ ಅದು. ವೇಷ ಇಲ್ಲ, ಕುಣಿತ ಇಲ್ಲ, ಕಿಷ್ಕಿಂಧೆ ಎಲ್ಲಿದೆ ಅಂದರೆ ಹಾಸಿದ ಚಾಪೆಯ ಮೇಲೆ. ವಾಲಿ ಸಾಯುತ್ತಾನೆ ಅನ್ನುವುದು ಸಭೆಯಲ್ಲಿ ತೂಕಡಿಸುವ ಮಗುವಿಗೂ ಗೊತ್ತು. ಹಾಗಿದ್ದೂ ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ವಾಲಿ ಇದೆ ಅಂದರೆ ಜನ ನಿದ್ದೆ ಬಿಟ್ಟು ಕೂರುತ್ತಿದ್ದರು. ಬಾಣ ನಾಟಿದ ಮೇಲೆ ವಾಲಿ ರಾಮನನ್ನು ಏನು ಕೇಳುತ್ತಾನೆ, ರಾಮ ಯಾವ ದಾರಿಯಲ್ಲಿ ಜಾರಿಕೊಳ್ಳುತ್ತಾನೆ ಅನ್ನುವುದೇ ಅಲ್ಲಿಯ ರುಚಿ. ಹಾಗಂತ ಇದನ್ನೇ ಹಿಡಿದುಕೊಂಡು "ಘಟನೆ ಬೇಡವೇ ಬೇಡ" ಅನ್ನಲಿಕ್ಕೂ ಆಗುವುದಿಲ್ಲ. ತಾಳಮದ್ದಳೆಗೆ ಘಟನೆಯನ್ನು ಪುರಾಣ ಪುಕ್ಕಟೆ ಕೊಟ್ಟಿದೆ, ಪಾತ್ರವಾಗಿ ಮಾತಾಡುವ ಅರ್ಥಧಾರಿ ತನ್ನ ಶಕ್ತಿಯನ್ನೆಲ್ಲ ಪಾತ್ರಕ್ಕೇ ಸುರಿಯಬಹುದು. ನಿಮ್ಮ ಪೆರ್ಲದ ಅಣ್ಣನಿಗೆ ಯಾವ ವಾಲ್ಮೀಕಿಯೂ ಇಲ್ಲ.

ಚರ್ಚೆಯಲ್ಲಿ ಯಾರೋ ಅರಿಸ್ಟಾಟಲನನ್ನು ಎಳೆದು ತಂದಿದ್ದರು. ನಿಜ, ದುರಂತ ನಾಟಕದ ಆರು ಅಂಗಗಳಲ್ಲಿ ಆತ ಕಥಾಸಂವಿಧಾನವನ್ನೇ ಮೊದಲಿಟ್ಟ, ಅದೇ ಆತ್ಮ ಅಂದ, ಪಾತ್ರವನ್ನು ಎರಡನೆಯದು ಮಾಡಿದ. ನಾಟ್ಯಶಾಸ್ತ್ರವೂ ಇತಿವೃತ್ತವನ್ನು ನಾಟ್ಯದ ಶರೀರ ಅನ್ನುತ್ತದೆ. ಅದೆಲ್ಲ ರಂಗಕ್ಕೆ ಆಡಿದ ಮಾತು, ಭಾನುವಾರದ ಪುರವಣಿಯ ಸಣ್ಣ ಕಥೆಗೆ ಹೇಳಿದ ತೀರ್ಪಲ್ಲ. ಬರೆಯಲು ಕೂತಾಗ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ನಮ್ಮ ಆಲಂಕಾರಿಕರ ಇನ್ನೊಂದು ಲೆಕ್ಕ. ಭಾವ ಹುಟ್ಟಲು ಕಾರಣವಾದ ವಿಭಾವದಲ್ಲಿ ಎರಡು ಬಗೆ. ಆಲಂಬನ ಅಂದರೆ ಭಾವ ಯಾರನ್ನು ಆಧರಿಸಿ ನಿಂತಿದೆಯೋ ಆ ವ್ಯಕ್ತಿ. ಉದ್ದೀಪನ ಅಂದರೆ ಅದನ್ನು ಕೆರಳಿಸುವ ತೋಟ, ಮಳೆ, ಹೊತ್ತು. ಪರಿಸರವನ್ನು ಅವರು ಪಾತ್ರದ ಪಕ್ಕದಲ್ಲೇ ಕೂರಿಸಿದ್ದಾರೆ, ಕೆಲಸವನ್ನೂ ಕೊಟ್ಟಿದ್ದಾರೆ. ನಿಮ್ಮ ಕಥೆಯ ಮಳೆ ಯಾರನ್ನೂ ಕೆರಳಿಸುವುದಿಲ್ಲ ಅಕ್ಕ, ತನ್ನ ಪಾಡಿಗೆ ಸುರಿಯುತ್ತದೆ.

ಈಗ ತೋಟಕ್ಕೆ ಇಳಿಯೋಣ. ನಿಮ್ಮ ಅಣ್ಣನಿಗೆ ಏನು ಬೇಕು? ಕಥೆಯಲ್ಲಿ ಎಲ್ಲೂ ಇಲ್ಲ. "ಮೌನಿ, ಕಷ್ಟಸಹಿಷ್ಣು" ಅಂತ ಬರೆದಿದ್ದೀರಿ, ಅದು ಶ್ರದ್ಧಾಂಜಲಿ ಸಭೆಯ ಮಾತಾಯಿತು. ಅವನಿಗೆ ಈ ವಾರ, ಇವತ್ತು, ಏನಾದರೊಂದು ಬೇಕೇಬೇಕು. ಅದು ಎರಡನೇ ಮದ್ದು ಆಗಲಿ. ಮದ್ದು ಅಂದರೆ ಮಹಾಳಿ ತಡೆಯಲು ಅಡಿಕೆಗೊನೆಗೆ ಸಿಂಪಡಿಸುವ ಬೋರ್ಡೊ ದ್ರಾವಣ, ಮೈಲುತುತ್ತು (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಕಲಸಿದ ನೀರು. ಮೊದಲ ಮದ್ದು ಮಳೆ ಹಿಡಿಯುವ ಮೊದಲೇ ಆಗಿದೆ ಅಂತಿಟ್ಟುಕೊಳ್ಳಿ. ಎರಡನೆಯದು 40–45 ದಿನಕ್ಕೆ ಆಗಬೇಕು. ಲೆಕ್ಕ ಹಾಕಿದರೆ ಅದು ತಮ್ಮ ಬಂದಿಳಿಯುವ ಆಟಿಗೇ ಬಂದು ಬೀಳುತ್ತದೆ. ಮದ್ದು ಬಿಡುವವರು ಸಿಗುವುದೇ ಕಷ್ಟ, ಸಿಕ್ಕಿದ ದಿನ ಮಳೆ ಬಿಡಬೇಕು, ಮಳೆ ಬಿಟ್ಟ ದಿನ ಅವರು ಇನ್ನೊಬ್ಬರ ತೋಟದಲ್ಲಿರುತ್ತಾರೆ. ಇಷ್ಟಾದರೆ ಕಥೆಗೆ ಗಡಿಯಾರ ಸಿಕ್ಕಿತು.

ತಮ್ಮ ಬಂದವನೇ "ಪಾಲಾಗುವವರೆಗೆ ಕೆಳಗಿನ ತೋಟಕ್ಕೆ ಕೈ ಹಾಕಬೇಡ" ಅನ್ನಲಿ. ಅಣ್ಣನಿಗೆ ಗೊತ್ತು, ಮಹಾಳಿ ಮಳೆಹನಿಯಲ್ಲಿ, ಗಾಳಿಯಲ್ಲಿ ಮರದಿಂದ ಮರಕ್ಕೆ ಹೋಗುತ್ತದೆ, ಅದಕ್ಕೆ ಮೇಲಿನ ತೋಟ ಕೆಳಗಿನ ತೋಟ ಅಂತಿಲ್ಲ. ತಮ್ಮನ ಮರ ಬಿಟ್ಟರೆ ತನ್ನದಕ್ಕೂ ಬರುತ್ತದೆ. ಮದ್ದು ಬಿಟ್ಟರೆ "ಆಗಲೇ ಯಜಮಾನಿಕೆ ಶುರು ಮಾಡಿದೆ" ಅನ್ನುವ ಮಾತು ಕೇಳಬೇಕು. ತಮ್ಮ ಮಲಗಿದ ಮೇಲೆ ಕದ್ದು ಬಿಡಿಸೋಣ ಅಂದರೆ ಪಂಪಿನ ಸದ್ದು ಗುಡ್ಡದಾಚೆಗೂ ಕೇಳುತ್ತದೆ. ಅವನು ಯಾವ ದಾರಿ ಹಿಡಿದರೂ ಒಂದು ನಷ್ಟ ಇದ್ದೇ ಇದೆ. ಯಾವುದನ್ನು ಆರಿಸುತ್ತಾನೋ ಅದೇ ಅವನ ಸ್ವಭಾವ, ನಿಮ್ಮ ಘಟನೆಯೂ ಅದೇ. ಎಂತದೂ ನಡೆಯುವುದಿಲ್ಲ ಅಂದವರಿಗೆ ಬೇರೆ ಉತ್ತರ ಹುಡುಕಬೇಕಾಗಿಲ್ಲ.

ಇದನ್ನು ಬರೆಯುವುದು ಹೇಗೆ? ಅಣ್ಣ ಬ್ಯಾರೆಲಿನ ಹತ್ತಿರ ಕುಕ್ಕರಗಾಲಿನಲ್ಲಿ ಕೂತು ಕಲಸಿದ ಮದ್ದಿಗೆ ಕತ್ತಿ ಅದ್ದುತ್ತಾನೆ. ಉಜ್ಜಿ ಹೊಳಪು ಮಾಡಿದ ಅಲಗಿನ ಮೇಲೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು ಅಂತ ಅರ್ಥ. ಲುಂಗಿಯ ಅಂಚಿಗೆ ಒರೆಸುತ್ತಾನೆ, ಒಂದು ಚೊಂಬು ಸುಣ್ಣದ ನೀರು ಸುರಿಯುತ್ತಾನೆ, ಕೋಲಿನಲ್ಲಿ ತಿರುಗಿಸುತ್ತಾನೆ, ಮತ್ತೆ ಅದ್ದುತ್ತಾನೆ. ಜಗಲಿಯಲ್ಲಿ ನೆಟ್‌ವರ್ಕ್ ಹುಡುಕುತ್ತ ನಿಂತ ತಮ್ಮ "ಈಗ ಅದಕ್ಕೆಲ್ಲ ಪೇಪರ್ ಬರುತ್ತದಲ್ಲ ಅಣ್ಣ, ಬಣ್ಣ ನೋಡಿದರೆ ಸಾಕು" ಅನ್ನುತ್ತಾನೆ. ಅಣ್ಣ ಉತ್ತರ ಕೊಡುವುದಿಲ್ಲ, ಕತ್ತಿ ಇನ್ನೊಮ್ಮೆ ಅದ್ದುತ್ತಾನೆ. ಮೌನಿ ಅನ್ನುವ ವಿಶೇಷಣವನ್ನು ಈಗ ಹೊಡೆದು ಹಾಕಬಹುದು.

ಆರಂಭದ ಎರಡು ಪ್ಯಾರಾ ಮಳೆಯನ್ನು ತೆಗೆಯಿರಿ. ಮೂರನೆಯವರು ನನ್ನ ಮೇಲೆ ಸಿಟ್ಟಾಗಲಿ, ಪರವಾಗಿಲ್ಲ. ಆದರೆ ಅದರೊಳಗೆ ನೀವೇ ಬರೆದ ಒಂದು ಸಾಲು ಚಿನ್ನದಂಥದ್ದು: ಅಂಗಳದ ಪಾಚಿಗೆ ಜಾರದಂತೆ ಅಣ್ಣ ಅಡಿಕೆಯ ಸೋಗೆ (ಒಣಗಿದ ಗರಿ) ಹಾಸಿರುವುದು. ಅದನ್ನು ಉಳಿಸಿ, ಕೆಲಸಕ್ಕೆ ಹಚ್ಚಿ. ಬೆಂಗಳೂರಿನ ಬೂಟು ಹಾಕಿ ಬಂದ ತಮ್ಮ ಸೋಗೆ ಬಿಟ್ಟು ಪಕ್ಕದಲ್ಲಿ ನಡೆಯಲಿ. ಬೀಳಿಸಬೇಕಾಗಿಲ್ಲ, ಅಣ್ಣ ಒಳಗಿನಿಂದ ನೋಡಿದರೆ ಸಾಕು.

ಇನ್ನೊಂದು ಪರೀಕ್ಷೆ, ಇದು ಗಡಿನಾಡಿನ ನಮಗೆ ವಿಶೇಷವಾಗಿ ಬೇಕಾದದ್ದು. ನಿಮ್ಮ ಕಥೆಯನ್ನು ಎತ್ತಿ ಸಾರಡ್ಕದ ಗಡಿ ದಾಟಿಸಿ ಕರ್ನಾಟಕದ ವಿಟ್ಲದಲ್ಲಿ ಇಡಿ. ಏನಾದರೂ ಬದಲಾಯಿತಾ? ಇಲ್ಲ. ಮಳೆ ಅದೇ, ಮಹಾಳಿ ಅದೇ, ಜಗಳವೂ ಅದೇ. ಹಾಗಾದರೆ ಪೆರ್ಲ ಅಂತ ಯಾಕೆ ಬರೆದಿರಿ ಮಾರಾಯ್ರೆ? ವಿಟ್ಲದಲ್ಲಿ ಸಾಧ್ಯವಿಲ್ಲದ್ದು, ಇಲ್ಲಿ ಮಾತ್ರ ಸಾಧ್ಯವಿರುವುದು ಒಂದಾದರೂ ಬೇಕು. ನನಗೆ ತೋಚಿದ್ದು ಹೇಳುತ್ತೇನೆ. ತೋಟದ ಮೂಲ ಆಧಾರ ಅಜ್ಜನ ಕಾಲದ್ದು, 1956ರಲ್ಲಿ ನಮ್ಮೂರು ಕೇರಳಕ್ಕೆ ಸೇರುವುದಕ್ಕಿಂತ ಹಿಂದಿನದು, ಕನ್ನಡದಲ್ಲಿದೆ. ಈಗ ಬರೆಸಿ ತಂದ ಪಾಲುಪಟ್ಟಿಯ ಕರಡು ಮಲಯಾಳದಲ್ಲಿದೆ. ಅಣ್ಣನಿಗೆ ಮಲಯಾಳ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ತಮ್ಮನಿಗೆ ಮಲಯಾಳದ ಮಾತೂ ಓದೂ ಎರಡೂ ಮರೆತಿದೆ. ಮನೆಯಲ್ಲಿ ಓದಬಲ್ಲವಳು ಹೈಸ್ಕೂಲಿಗೆ ಹೋಗುವ ಅಣ್ಣನ ಮಗಳು ಒಬ್ಬಳೇ. ಅವಳನ್ನು ಜಗಲಿಯಲ್ಲಿ ಕೂರಿಸಿ ಓದಿಸುತ್ತಾರೆ. ಅವಳು ಬೆರಳಿಟ್ಟು ಓದುತ್ತ ಹೇಳುತ್ತ ಹೋಗುತ್ತಾಳೆ. ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರು ಯಾರ ಪಾಲಿಗೆ ಅನ್ನುವ ಸಾಲು ಬಂದಾಗ ಬೆರಳು ನಿಲ್ಲುತ್ತದೆ, ಆಮೇಲೆ ಮುಂದಿನ ಸಾಲಿಗೆ ಹಾರುತ್ತದೆ.

ಅವಳು ಯಾಕೆ ಹಾರಿಸಿದಳು? ನನಗೆ ಗೊತ್ತಿಲ್ಲ, ನೀವು ಬರೆಯಬೇಕು. ಆದರೆ ಓದುಗ ಈಗ ಪುಟ ತಿರುವುತ್ತಾನೆ. ಅಪ್ಪನ ಮೇಲಿನ ಪ್ರೀತಿಗೋ, ಚಿಕ್ಕಪ್ಪನ ಭಯಕ್ಕೋ, ಅಪ್ಪನೇ ಮೊದಲು ಹೇಳಿಕೊಟ್ಟಿದ್ದಕ್ಕೋ, ಒಂದೊಂದು ಕಾರಣಕ್ಕೂ ಒಂದೊಂದು ಕಥೆಯಾಗುತ್ತದೆ. ಇದು ವಿಟ್ಲದಲ್ಲಿ ನಡೆಯಲಾರದು, ಅಲ್ಲಿ ತಮ್ಮ ಕಾಗದವನ್ನು ಕಿತ್ತುಕೊಂಡು ತಾನೇ ಓದುತ್ತಾನೆ. ಮದ್ದಿನ ಜಗಳ, ಪಾಲುಪಟ್ಟಿ ಎರಡನ್ನೂ ಒಂದೇ ಕಥೆಗೆ ತುಂಬಬೇಡಿ ಅಂತಲೂ ಹೇಳಿಬಿಡುತ್ತೇನೆ. ಸಾವಿರದೈನೂರು ಪದದಲ್ಲಿ ಒಂದಕ್ಕೇ ಜಾಗ. ನನ್ನನ್ನು ಕೇಳಿದರೆ ಮಗಳದ್ದನ್ನು ಬರೆಯಿರಿ, ಮಹಾಳಿ ಹಿಂದೆ ಇರಲಿ.

ಮಾತಿನ ಬಗ್ಗೆ ಒಂದು ಸಣ್ಣ ತಕರಾರು. ನಿಮ್ಮ ಅಣ್ಣ ತಮ್ಮ ಪಠ್ಯಪುಸ್ತಕದ ಕನ್ನಡದಲ್ಲಿ ಬೈದಾಡಿಕೊಳ್ಳುತ್ತಾರೆ. ಮನೆಯಲ್ಲಿ ಒಂದು ಭಾಷೆ, ಕೆಲಸದವರೊಡನೆ ತುಳು, ಪೇಟೆಯಲ್ಲಿ ಮಲಯಾಳ ಅನ್ನುವುದು ನಮ್ಮೂರಿನ ದಿನಚರಿ. ಎಲ್ಲವನ್ನೂ ತುರುಕಿದರೆ ಓದುಗನಿಗೆ ಕಷ್ಟ, ಜಗಳದ ಎರಡು ವಾಕ್ಯವಾದರೂ ಮನೆಮಾತಿನಲ್ಲಿರಲಿ.

ಘಟನೆಯಿಂದಲೇ ಶುರು ಮಾಡಬೇಕಾದ ಬರವಣಿಗೆಯೂ ಇದೆ ಅನ್ನುವವರಿಗೆ ನನ್ನ ಒಪ್ಪಿಗೆ ಇದೆ. ಪತ್ತೇದಾರಿ ಬರೆಯುವವರು ಕೊನೆಯನ್ನು ಮೊದಲೇ ಗಟ್ಟಿ ಮಾಡಿಕೊಳ್ಳದಿದ್ದರೆ ನಡುವೆ ಸಿಕ್ಕಿಬೀಳುತ್ತಾರೆ. ಅಕ್ಕನದು ಆ ಜಾತಿಯ ಕಥೆ ಅಲ್ಲ.

ಮತ್ತೆ, ಮದ್ದಿನ ಪ್ರಮಾಣ ತಿದ್ದಿಕೊಳ್ಳಿ. ನಿಮ್ಮ ಅಣ್ಣ 200 ಲೀಟರಿನ ಬ್ಯಾರೆಲಿಗೆ ಐದು ಕಿಲೊ ಮೈಲುತುತ್ತು ಹಾಕುತ್ತಾನೆ. ಶೇಕಡಾ 1ರ ಬೋರ್ಡೊ ದ್ರಾವಣಕ್ಕೆ 100 ಲೀಟರಿಗೆ 1 ಕಿಲೊ ಮೈಲುತುತ್ತು, 1 ಕಿಲೊ ಸುಣ್ಣ, ಅಂದರೆ ನಿಮ್ಮ ಬ್ಯಾರೆಲಿಗೆ ಎರಡೆರಡು ಕಿಲೊ. ಎರಡನ್ನೂ ಬೇರೆ ಬೇರೆ ಕರಗಿಸಿ ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು, ಪಾತ್ರೆ ಪ್ಲಾಸ್ಟಿಕಿನದ್ದಿರಲಿ. ಇದನ್ನು ಸರಿಮಾಡದೆ ಮತ್ತೆ ಹಾಕಿದರೆ ಗುಂಪಿನ ಅರ್ಧ ಜನ ಕಥೆ ಬಿಟ್ಟು ಬ್ಯಾರೆಲ್ ಹಿಡಿದುಕೊಂಡು ಕೂರುತ್ತಾರೆ.