ಎಷ್ಟು ಸಲ ಅಂತ ಬರೆದಿರಿ, ಯಾಕೆ ಅಂತ ಬರೆಯಲಿಲ್ಲ

ನಮಸ್ಕಾರ.

ನಿಮ್ಮ ಲೇಖನ ಹೋದ ವಾರ ನಮ್ಮ ಪತ್ರಿಕೆಗೆ ಬಂತು. 'ಆರೋಗ್ಯ ಮನೋವಿಜ್ಞಾನದ ಸಂಶೋಧನಾ ಪ್ರವೃತ್ತಿಗಳು ಮತ್ತು ಉಲ್ಲೇಖಗಳ ಪ್ರಭಾವ', ಹನ್ನೊಂದು ಪುಟ. ಆರೋಗ್ಯ, ಕಾಯಿಲೆಗಳಲ್ಲಿ ಮನಸ್ಸಿನ ಪಾತ್ರ ಏನು ಅಂತ ನೋಡುವ ಈ ಕ್ಷೇತ್ರದಲ್ಲಿ, ಯಾವ ಸಂಶೋಧನಾ ಪೇಪರನ್ನು ಬೇರೆ ಪೇಪರ್‌ಗಳು ಎಷ್ಟು ಸಲ ಉಲ್ಲೇಖಿಸಿವೆ ಅನ್ನುವ ಲೆಕ್ಕ. ಎರಡು ಸಲ ಓದಿದೆ. ಮೊದಲ ಸಲ ಸಿಟ್ಟು ಬಂತು. ಎರಡನೇ ಸಲ ಓದಿ ಮುಗಿಸಿದ ರಾತ್ರಿ ನಿದ್ದೆ ಹತ್ತಲಿಲ್ಲ. ಉತ್ತರವನ್ನು ಎಲ್ಲರೂ ಓದುವ ಹಾಗೆ ಹಾಕಬಹುದಾ ಅಂತ ಕೇಳಿದ್ದಕ್ಕೆ, ಹೆಸರೊಂದು ಬೇಡ, ಹಾಕಿ ಅಂದಿರಿ. ಒಳ್ಳೆಯದಾಯಿತು. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಸಂಶೋಧನಾ ವಿದ್ಯಾರ್ಥಿಗಳಿಂದ ನಮಗೆ ಇಂಥ ಲೇಖನಗಳು ಈಗ ಜಾಸ್ತಿ ಬರುತ್ತಿವೆ, ಅವರೂ ಓದಲಿ.

ಚೆನ್ನಾಗಿರುವುದನ್ನು ಮೊದಲು ಹೇಳಿಬಿಡುತ್ತೇನೆ. ಶ್ರಮ ಪಟ್ಟಿದ್ದೀರಿ. ಈ ವಿಷಯದ ಮೇಲೆ ಕನ್ನಡದಲ್ಲಿ ಬರೆಯುವವರು ಕಡಿಮೆ. ಕೋಷ್ಟಕಗಳು ಅಚ್ಚುಕಟ್ಟಾಗಿವೆ, ಕಾಗುಣಿತ ಎಲ್ಲೂ ತಪ್ಪಿಲ್ಲ. ಎಂಟನೇ ಪುಟದಲ್ಲಿ ಸೊರಬದ ಕಡೆಯ ಹಳ್ಳಿಯೊಂದರ ಅಜ್ಜಿ ಬರುತ್ತಾರಲ್ಲ, ಅದು ತುಂಬಾ ಹಿಡಿಸಿತು. ಅಲ್ಲಿಗೆ ಆಮೇಲೆ ಬರುತ್ತೇನೆ.

ಈಗ ನನ್ನನ್ನು ಕಾಡಿದ ಎರಡು ವಿಷಯ. ಉಳಿದದ್ದರ ಬಗ್ಗೆ ಮಾತಾಡುವುದಿಲ್ಲ.

ನಿಮ್ಮ ಮೊದಲ ವಾಕ್ಯ ಹೀಗಿದೆ: "ಇತ್ತೀಚಿನ ದಶಕಗಳಲ್ಲಿ ಆರೋಗ್ಯ ಮನೋವಿಜ್ಞಾನ ಕ್ಷೇತ್ರದ ಸಂಶೋಧನಾ ಪ್ರಕಟಣೆಗಳ ಪ್ರಮಾಣದಲ್ಲಿ ಗಣನೀಯ ಹೆಚ್ಚಳ ಕಂಡುಬಂದಿದೆ."

ಯಾರಿಗೆ ಕಂಡುಬಂತು? ಯಾವಾಗಿನಿಂದ? ಈ 'ಕಂಡುಬಂದಿದೆ' ನಿಮ್ಮ ಲೇಖನದಲ್ಲಿ ಹದಿನಾಲ್ಕು ಸಲ ಇದೆ. 'ತಿಳಿದುಬಂದಿದೆ' ಆರು ಸಲ, 'ಎನ್ನಲಾಗಿದೆ' ಐದು ಸಲ. ಪೆನ್ಸಿಲ್ ಹಿಡಿದು ಎಣಿಸಿದೆ. ಪ್ರತಿ ಸಲವೂ ಅಲ್ಲಿ ಒಬ್ಬ ಮನುಷ್ಯ ಇರಬೇಕಿತ್ತು, ಒಂದು ವರ್ಷ ಇರಬೇಕಿತ್ತು, ಇಲ್ಲ. ನಿಮಗೆ ಗೊತ್ತಿಲ್ಲ ಅಂತ ಅಲ್ಲ. ಜಾರ್ಜ್ ಎಂಗೆಲ್ ಎಂಬ ವೈದ್ಯ 1977ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ, ಕಾಯಿಲೆ ಅಂದರೆ ಬರೀ ದೇಹ ಅಲ್ಲ, ಮನಸ್ಸನ್ನೂ ಮನೆಯನ್ನೂ ಊರನ್ನೂ ಸೇರಿಸಿ ನೋಡಬೇಕು ಅಂತ ಬರೆದದ್ದು ನಿಮಗೆ ಗೊತ್ತು. ಮರುವರ್ಷ ಅಮೆರಿಕದ ಮನೋವಿಜ್ಞಾನಿಗಳ ಸಂಘದಲ್ಲಿ ಈ ವಿಷಯಕ್ಕೇ ಒಂದು ವಿಭಾಗ ಶುರುವಾಯಿತು, 1982ರಲ್ಲಿ 'ಹೆಲ್ತ್ ಸೈಕಾಲಜಿ' ಜರ್ನಲ್ ಬಂತು. ಇದೆಲ್ಲ ನಿಮ್ಮ ಐದನೇ ಪುಟದ ಕೋಷ್ಟಕದೊಳಗೆ ಸಣ್ಣ ಅಕ್ಷರದಲ್ಲಿ ಕೂತಿದೆ. ಅದನ್ನು ಒಳಗೆ ಕೂರಿಸಿ ಬಾಗಿಲಿಗೆ 'ಗಣನೀಯ ಹೆಚ್ಚಳ'ವನ್ನು ನಿಲ್ಲಿಸಿದ್ದೀರಿ. ಓದುವವರು ಬಾಗಿಲಲ್ಲೇ ವಾಪಸ್ ಹೋಗುತ್ತಾರೆ.

ಈ ಒಂದು ಪದಕ್ಕೆ ನಾನು ಇಷ್ಟು ಹಟ ಹಿಡಿಯುವುದಕ್ಕೆ ಕಾರಣ ಇದೆ.

ತೊಂಬತ್ತರ ದಶಕದ ಮೊದಲಲ್ಲಿ ಸಾಗರದ ಒಂದು ಸಣ್ಣ ವಾರಪತ್ರಿಕೆಯಲ್ಲಿ ಕೆಲಸ ಕಲಿಯುತ್ತಿದ್ದೆ. ಆಗಿನ್ನೂ ಅಲ್ಲಿ ಮೊಳೆ ಜೋಡಿಸಿಯೇ ಅಚ್ಚು ಹಾಕುತ್ತಿದ್ದರು. ಬೇಸಿಗೆ ಮುಂಚೆ ಮಂಗನ ಕಾಯಿಲೆಯ ಸುದ್ದಿ ಬಂತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಜ್ವರ ಅದು, ಕಾಡಿನ ಉಣುಗು ಕಚ್ಚಿ ಬರುವಂಥದ್ದು, ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಾನು ಇನ್ನೊಂದು ಪತ್ರಿಕೆ ನೋಡಿಕೊಂಡು ಬರೆದೆ: "ಹಳ್ಳಿಗಳಲ್ಲಿ ಲಸಿಕೆಯ ಬಗ್ಗೆ ಜನರಲ್ಲಿ ನಿರಾಸಕ್ತಿ ಕಂಡುಬಂದಿದೆ." ಸಂಪಾದಕರು ಆ ಹಾಳೆಯನ್ನು ಮೊಳೆ ಜೋಡಿಸುವವರಿಗೆ ಕೊಡಲಿಲ್ಲ. ಕನ್ನಡಕ ಮೇಲೆ ಸರಿಸಿ, "ಯಾರಿಗೆ ಕಂಡದ್ದು ಮಾರಾಯ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಮೇಜಿನ ಖಾನೆಯಿಂದ ಬಸ್ ಚಾರ್ಜು ತೆಗೆದು ಕೊಟ್ಟು, "ಹೋಗಿ ನೋಡ್ಕೊಂಡು ಬಾ" ಅಂದರು.

ಹೋದೆ. ಬಸ್ ಇಳಿದು ಮೂರು ಮೈಲಿ ನಡೆದೆ. ಒಂದು ಮನೆಯ ಅಂಗಳದ ಚಪ್ಪರದ ಕೆಳಗೆ ಏಳೆಂಟು ಹೆಂಗಸರು ಮೆಟ್ಟುಗತ್ತಿ ಮುಂದೆ ಕೂತು ಹಸಿ ಅಡಿಕೆ ಸುಲಿಯುತ್ತಿದ್ದರು. ಲಸಿಕೆ ಯಾಕೆ ಹಾಕಿಸಿಕೊಂಡಿಲ್ಲ ಅಂತ ಒಬ್ಬರನ್ನು ಕೇಳಿದೆ. ಅವರು ಕೈ ನಿಲ್ಲಿಸದೆ ಹೇಳಿದರು, "ಇಂಜೆಕ್ಷನ್ ತಗಂಡ್ರೆ ಎರಡು ದಿನ ತೋಳು ಎತ್ತಕ್ಕಾಗಲ್ಲ. ಸುಲಿಯೋದು ಯಾರು? ಸುಲಿದಷ್ಟಕ್ಕೇ ದುಡ್ಡು." ಅವರ ಬೆರಳುಗಳು ಅಡಿಕೆ ಚೊಗರಿನಿಂದ ಕಪ್ಪಾಗಿದ್ದವು. ನಿರಾಸಕ್ತಿ ಅಲ್ಲಿ ಎಲ್ಲೂ ಇರಲಿಲ್ಲ. ಲೆಕ್ಕ ಇತ್ತು. ಕಾಯಿಲೆ ಬಂದರೂ ಬರಬಹುದು, ಬರದೆಯೂ ಇರಬಹುದು. ಇಂಜೆಕ್ಷನ್ ತಗೊಂಡರೆ ಎರಡು ದಿನದ ಕೂಲಿ ಹೋಗುವುದಂತೂ ಖಂಡಿತ. ಈ ಜ್ವರದ ಕಾಲ, ಕೊನೆಕೊಯ್ಲಿನ ಕಾಲ ಎರಡೂ ಒಟ್ಟಿಗೇ ಬರುತ್ತವಲ್ಲ.

ನಿಮ್ಮ ಕ್ಷೇತ್ರ ಹುಟ್ಟಿದ್ದೂ ಇಂಥದ್ದೇ ಪ್ರಶ್ನೆಯಿಂದ ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. 1950ರ ದಶಕದಲ್ಲಿ ಅಮೆರಿಕದ ಸರ್ಕಾರಿ ಆರೋಗ್ಯ ಇಲಾಖೆಯವರು ಕ್ಷಯ ಪತ್ತೆ ಮಾಡಲು ಜನ ಇರುವಲ್ಲಿಗೇ ಎಕ್ಸ್‌-ರೇ ಗಾಡಿ ಕಳಿಸಿದರು. ದುಡ್ಡಿಲ್ಲ, ದೂರ ಹೋಗಬೇಕಾಗಿಲ್ಲ. ಆದರೂ ಬಹಳ ಜನ ಬರಲಿಲ್ಲ. ಯಾಕೆ ಬರಲಿಲ್ಲ ಅಂತ ಹಾಕ್‌ಬಾಮ್, ರೋಸೆನ್‌ಸ್ಟಾಕ್ ಮತ್ತು ಅವರ ಜೊತೆಯವರು ಜನರನ್ನೇ ಕೇಳುತ್ತಾ ಹೋದರು. ನನಗೆ ಕಾಯಿಲೆ ಬರುತ್ತದಾ, ಬಂದರೆ ಎಷ್ಟು ಕಷ್ಟ, ಈ ಪರೀಕ್ಷೆಯಿಂದ ಏನು ಲಾಭ, ಅದಕ್ಕೆ ಅಡ್ಡ ಏನಿದೆ, ಹೀಗೆ ಜನ ಮನಸ್ಸಿನಲ್ಲೇ ತೂಗುತ್ತಾರೆ ಅನ್ನುವ ಮಾದರಿ ಅಲ್ಲಿಂದ ಬಂತು. ನೀವು ಆರನೇ ಪುಟದಲ್ಲಿ 'ಆರೋಗ್ಯ ನಂಬಿಕೆ ಮಾದರಿಯು ವ್ಯಾಪಕವಾಗಿ ಉಲ್ಲೇಖಗೊಂಡಿರುವುದು ಕಂಡುಬಂದಿದೆ' ಅಂತ ಒಂದೇ ಸಾಲಿನಲ್ಲಿ ದಾಟಿದ್ದೀರಲ್ಲ, ಅದೇ ಮಾದರಿ. ಅಡಿಕೆ ಚಪ್ಪರದ ಕೆಳಗೆ ಕೂತ ಆ ಹೆಂಗಸು ನನಗೆ ಎರಡು ವಾಕ್ಯದಲ್ಲಿ ಹೇಳಿದ್ದೂ ಅದನ್ನೇ.

ಎರಡನೇ ವಿಷಯ ಇದಕ್ಕಿಂತ ದೊಡ್ಡದು. ನಾಲ್ಕನೇ ಪುಟ: "ಅತಿ ಹೆಚ್ಚು ಉಲ್ಲೇಖಗೊಂಡ ಪ್ರಬಂಧಗಳು ಕ್ಷೇತ್ರದ ಅತ್ಯಂತ ಮಹತ್ವದ ಹಾಗೂ ವಿಶ್ವಾಸಾರ್ಹ ಕೊಡುಗೆಗಳಾಗಿವೆ."

ಒಬ್ಬರು ಇನ್ನೊಬ್ಬರ ಪೇಪರನ್ನು ಉಲ್ಲೇಖಿಸುವುದು ಯಾಕೆ? ಇದನ್ನು ನೀವು ಒಂದು ಸಲವೂ ಕೇಳಿಲ್ಲ. ನಿಮ್ಮ ಕೋಷ್ಟಕದ ಮೇಲಿನ ಸಾಲುಗಳನ್ನೇ ತೆಗೆದುಕೊಳ್ಳಿ. 1983ರ ಜಿಗ್ಮಂಡ್ ಮತ್ತು ಸ್ನೇತ್ ಅವರ ಪೇಪರ್. ಅದು ಆಸ್ಪತ್ರೆಗೆ ಬರುವ ರೋಗಿಗಳ ಆತಂಕ, ಖಿನ್ನತೆ ಅಳೆಯುವ ಪ್ರಶ್ನಾವಳಿ, ಹದಿನಾಲ್ಕು ಪ್ರಶ್ನೆ, ಏಳು ಆತಂಕಕ್ಕೆ, ಏಳು ಖಿನ್ನತೆಗೆ. ಅದನ್ನು ಬಳಸಿದವರೆಲ್ಲ ಉಲ್ಲೇಖಿಸಲೇಬೇಕು. ಅದೇ ವರ್ಷ ಕೋಹೆನ್ ಮತ್ತು ಇಬ್ಬರು ಸಂಗಡಿಗರು ತಂದ ಒತ್ತಡದ ಅಳತೆಗೋಲಿನದ್ದೂ ಇದೇ ಕಥೆ. ಹಿಂದೆ ನಮ್ಮ ಊರುಗಳಲ್ಲಿ ಒಂದು ಮನೆಯ ಕೊಳಗ ಭತ್ತ ಅಳೆಯಲು ಹತ್ತು ಮನೆಗೆ ಹೋಗುತ್ತಿತ್ತು. ಎಷ್ಟು ಮನೆಗೆ ಹೋಯಿತು ಅನ್ನುವುದರಿಂದ ಕೊಳಗ ಎಷ್ಟು ಉಪಯೋಗಕ್ಕೆ ಬಂತು ಅಂತ ಗೊತ್ತಾಗುತ್ತದೆ. ಭತ್ತ ಜೊಳ್ಳಾ ಗಟ್ಟಿಯಾ ಅಂತ ಗೊತ್ತಾಗುವುದಿಲ್ಲ.

ಇನ್ನು ಅಜೆನ್ ಅವರ 1991ರ ಪೇಪರ್. ಮನುಷ್ಯ ಏನನ್ನಾದರೂ ಮಾಡುವ ಮುಂಚೆ ಮನಸ್ಸು ಮಾಡುತ್ತಾನೆ, ಆ ಮನಸ್ಸು ಮಾಡುವುದಕ್ಕೆ ಏನೇನು ಕಾರಣ ಅನ್ನುವ ಸಿದ್ಧಾಂತ. 2014ರಲ್ಲಿ ಸ್ನೀಹೊಟ್ಟಾ ಮತ್ತಿಬ್ಬರು 'ಹೆಲ್ತ್ ಸೈಕಾಲಜಿ ರಿವ್ಯೂ'ನಲ್ಲಿ ಈ ಸಿದ್ಧಾಂತಕ್ಕೆ ನಿವೃತ್ತಿ ಕೊಡುವ ಕಾಲ ಬಂದಿದೆ ಅಂತ ಬರೆದರು. ಒಂದು ಪೇಪರನ್ನು ಬೈದು ಬರೆದರೂ ಅದರ ಉಲ್ಲೇಖದ ಲೆಕ್ಕಕ್ಕೆ ಒಂದು ಸೇರುತ್ತದೆ, ಹೊಗಳಿ ಬರೆದರೂ ಒಂದು. ನಿಮ್ಮ ಕೋಷ್ಟಕದಲ್ಲಿ ಎರಡೂ ಒಂದೇ ಅಂಕಿಯೊಳಗೆ ಕರಗಿವೆ.

ಇಂಪ್ಯಾಕ್ಟ್ ಫ್ಯಾಕ್ಟರ್ ಬಗ್ಗೆ ಒಂದೇ ಮಾತು. ಹಿಂದಿನ ಎರಡು ವರ್ಷಗಳಲ್ಲಿ ಜರ್ನಲ್ ಹಾಕಿದ ಪೇಪರ್‌ಗಳಿಗೆ ಈ ವರ್ಷ ಬಂದ ಉಲ್ಲೇಖಗಳನ್ನು ಆ ಪೇಪರ್‌ಗಳ ಸಂಖ್ಯೆಯಿಂದ ಭಾಗಿಸಿದರೆ ಬರುವುದು ಅದು. ಜರ್ನಲ್‌ನ ಸರಾಸರಿ, ಅಷ್ಟೇ. ಅದನ್ನು ಒಂದೊಂದು ಪೇಪರಿನ, ಒಬ್ಬೊಬ್ಬ ಲೇಖಕನ ಯೋಗ್ಯತೆ ಅಳೆಯಲು ಬಳಸಬೇಡಿ ಅಂತ 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸೇರಿದ ಸಂಪಾದಕರೇ ಘೋಷಣೆ ಬರೆದಿದ್ದಾರೆ. ನೀವು ಬಳಸಿದ್ದೀರಿ. ತೆಗೆಯಿರಿ.

ಈಗ ನನ್ನ ನಿದ್ದೆ ಕೆಡಿಸಿದ ಸಾಲು. ಏಳನೇ ಪುಟ, ಕೆಳಗಿನಿಂದ ಮೂರನೇದು: "ಐಸೆಂಕ್ ಅವರ ವ್ಯಕ್ತಿತ್ವ ಮತ್ತು ಕ್ಯಾನ್ಸರ್ ಕುರಿತ ಅಧ್ಯಯನಗಳು ವ್ಯಾಪಕವಾಗಿ ಉಲ್ಲೇಖಗೊಂಡಿದ್ದು, ಭಾವನೆಗಳನ್ನು ಅದುಮಿಡುವ ವ್ಯಕ್ತಿತ್ವವು ಕ್ಯಾನ್ಸರ್‌ಗೆ ಕಾರಣವಾಗುತ್ತದೆ ಎಂಬುದನ್ನು ದೃಢಪಡಿಸಿವೆ."

ದೃಢಪಡಿಸಿಲ್ಲ. ಹ್ಯಾನ್ಸ್ ಐಸೆಂಕ್ ಲಂಡನ್ನಿನಲ್ಲಿದ್ದ ಬಹಳ ಹೆಸರುವಾಸಿ ಮನೋವಿಜ್ಞಾನಿ, 1997ರಲ್ಲಿ ತೀರಿಕೊಂಡಾಗ ಅತಿ ಹೆಚ್ಚು ಉಲ್ಲೇಖಗೊಳ್ಳುತ್ತಿದ್ದವರಲ್ಲಿ ಒಬ್ಬರು. ಗ್ರೊಸಾರ್ಥ್-ಮಾಟಿಚೆಕ್ ಎಂಬವರ ಜೊತೆ ಸೇರಿ ಅವರು ಈ ಪೇಪರ್‌ಗಳನ್ನು ಬರೆದರು. ಅಂಕಿಗಳು ನಂಬುವ ಹಾಗಿಲ್ಲ ಅಂತ ಆಗಲೇ ಆಕ್ಷೇಪ ಬಂದಿತ್ತು. ಐಸೆಂಕ್ ತಂಬಾಕು ಕಂಪನಿಗಳಿಂದ ಹಣ ಪಡೆದಿದ್ದೂ ಹೊರಗೆ ಬಂತು. 2019ರಲ್ಲಿ ಆಂಥನಿ ಪೆಲೋಸಿ ಎಂಬ ಮನೋವೈದ್ಯರು 'ಜರ್ನಲ್ ಆಫ್ ಹೆಲ್ತ್ ಸೈಕಾಲಜಿ'ಯಲ್ಲಿ ಇದನ್ನೆಲ್ಲ ಮತ್ತೆ ಎತ್ತಿ ಬರೆದರು. ಅದೇ ವರ್ಷ ಕಿಂಗ್ಸ್ ಕಾಲೇಜ್ ಲಂಡನ್‌ನ ವಿಚಾರಣೆ 26 ಪೇಪರ್‌ಗಳು ನಂಬಲು ಸುರಕ್ಷಿತವಲ್ಲ ಅಂದಿತು. ಮರುವರ್ಷ ಜರ್ನಲ್‌ಗಳು ಅವುಗಳಲ್ಲಿ ಹಲವನ್ನು ಹಿಂತೆಗೆದುಕೊಂಡವು. ಪೆಲೋಸಿ ಬರೆದದ್ದು ನೀವು ಬರೆಯುತ್ತಿರುವ ಕ್ಷೇತ್ರದ ಜರ್ನಲ್‌ನಲ್ಲೇ. ಆ ಮೂಲ ಪೇಪರ್‌ಗಳನ್ನು ತೆರೆದು ನೋಡಿದ್ದರೆ ಹಲವುಗಳ ಮೇಲೆ 'ಹಿಂತೆಗೆದುಕೊಳ್ಳಲಾಗಿದೆ' ಅನ್ನುವ ಸೂಚನೆ ನಿಮ್ಮ ಕಣ್ಣಿಗೆ ಬೀಳುತ್ತಿತ್ತು. ನೀವು ಅವನ್ನು ಓದಿಲ್ಲ. ಇನ್ನೊಬ್ಬರು ಉಲ್ಲೇಖಿಸಿದ್ದನ್ನು ನೋಡಿ ಉಲ್ಲೇಖಿಸಿದ್ದೀರಿ. ನಾನು ಇನ್ನೊಂದು ಪತ್ರಿಕೆ ನೋಡಿ 'ನಿರಾಸಕ್ತಿ' ಬರೆದ ಹಾಗೆ.

ನನ್ನ ಚಿಕ್ಕಮ್ಮನಿಗೆ ಬಾಯಿ ಕ್ಯಾನ್ಸರ್ ಆಗಿತ್ತು. ಮಾತು ಕಡಿಮೆ ಅವರದು, ಯಾರು ಏನಂದರೂ ತಿರುಗಿ ಅನ್ನುತ್ತಿರಲಿಲ್ಲ. ಬೆಳಿಗ್ಗೆ ಎದ್ದಾಗಿನಿಂದ ಮಲಗುವ ತನಕ ಕವಳ. ಹಿತ್ತಾಳೆ ಕವಳದ ತಟ್ಟೆ, ಅದರಲ್ಲಿ ಅಡಕತ್ತರಿ, ಸುಣ್ಣದ ಡಬ್ಬಿ, ಮಡಚಿದ ಕಾಗದದಲ್ಲಿ ಹೊಗೆಸೊಪ್ಪು. ಮೂವತ್ತು ವರ್ಷ. ಕಾಯಿಲೆ ಗೊತ್ತಾದ ಮೇಲೆ ನೋಡಲು ಬಂದವರೆಲ್ಲ, "ಎಲ್ಲ ಮನಸ್ಸಲ್ಲೇ ಇಟ್ಕೊಂಡು ಕೊರಗಿದ್ಲು, ಅದಕ್ಕೇ ಬಂತು" ಅಂದರು. ಎದುರಿಗೇ ಅಂದರು. ಒಂದು ದಿನ ಗಂಜಿ ಕುಡಿಸುವಾಗ ಚಿಕ್ಕಮ್ಮ ನನ್ನ ಹತ್ತಿರ ಮೆಲ್ಲಗೆ ಕೇಳಿದರು, "ನನ್ನ ಸ್ವಭಾವ ಹೀಗಿದ್ದಿದ್ದಕ್ಕೇ ಅಲ್ವಾ ಇದು?" ಅಲ್ಲ ಅಂತ ಹೇಳುವಷ್ಟು ತಿಳುವಳಿಕೆ ನನಗೆ ಆಗ ಇರಲಿಲ್ಲ. ಸುಮ್ನೆ ಕೂತಿದ್ದೆ. ಹೊಗೆಸೊಪ್ಪಿನ ಮಾತು ಬಿಡಿ, 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಅಡಿಕೆಯನ್ನೇ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಅಡಿಕೆಯಿಂದಲೇ ಹೊಟ್ಟೆ ತುಂಬುವ ನಮ್ಮೂರಲ್ಲಿ ಇದನ್ನು ಬರೆಯುವುದು ಕಷ್ಟ, ನನಗೂ ಕಷ್ಟ. ಆದರೆ ನಿಮ್ಮ ಆ ಸಾಲನ್ನು ನಾನು ಹಾಗೇ ಅಚ್ಚು ಹಾಕಿದರೆ, ಇಲ್ಲಿನ ಯಾವುದೋ ಮನೆಯಲ್ಲಿ ಯಾರೋ ಅದನ್ನು ಓದಿ ಹಾಸಿಗೆಯಲ್ಲಿರುವ ಹೆಂಗಸಿಗೆ ತೋರಿಸುತ್ತಾರೆ. ನೋಡು, ವಿಜ್ಞಾನಿಗಳೂ ಹೇಳಿದ್ದಾರೆ ಅನ್ನುತ್ತಾರೆ. ಅದನ್ನು ನೆನೆಸಿಕೊಂಡೇ ನನಗೆ ನಿದ್ದೆ ಬರಲಿಲ್ಲ.

ಹಾಗಾಗಿ ಈ ರೂಪದಲ್ಲಿ ಲೇಖನ ಹಾಕುವುದಿಲ್ಲ. ಬೇರೆ ರೂಪದಲ್ಲಿ ಖಂಡಿತ ಬೇಕು. ಕೋಷ್ಟಕದ ಐವತ್ತು ಪೇಪರ್ ಬಿಟ್ಟುಬಿಡಿ, ಒಂದೇ ಒಂದನ್ನು ಇಟ್ಟುಕೊಳ್ಳಿ. ನನ್ನ ಆಯ್ಕೆ ಕೇಳಿದರೆ ಜಿಗ್ಮಂಡ್ ಮತ್ತು ಸ್ನೇತ್ ಅವರದು, ಯಾಕೆಂದರೆ ಅದರ ಕನ್ನಡ ಪ್ರಶ್ನಾವಳಿ ಹಿಡಿದು ನೀವು ಹಳ್ಳಿಗೆ ಹೋಗಿದ್ದೀರಿ. ಮೂಲವನ್ನು ಪೂರ್ತಿ ಓದಿ. ಆಮೇಲೆ ಅದನ್ನು ಉಲ್ಲೇಖಿಸಿದ ಇಪ್ಪತ್ತು ಪೇಪರ್ ತೆರೆದು, ಯಾರು ಅದನ್ನು ಅಳತೆಗೆ ಬಳಸಿದರು, ಯಾರು ಆಕ್ಷೇಪ ಎತ್ತಿದರು, ಯಾರು ಸುಮ್ನೆ ಸಾಲಿಗೆ ಸೇರಿಸಿದರು ನೋಡಿ. ತಿಂಗಳು ಹಿಡಿಯಬಹುದು, ಹಿಡಿಯಲಿ.

ಮತ್ತೆ ಎಂಟನೇ ಪುಟದ ಅಜ್ಜಿಯಿಂದ ಶುರು ಮಾಡಿ. ಆ ಪ್ರಶ್ನಾವಳಿಯ ಇಂಗ್ಲಿಷ್ ಮೂಲದಲ್ಲಿ, ಹೊಟ್ಟೆಯೊಳಗೆ ಚಿಟ್ಟೆ ಹಾರಿದ ಹಾಗೆ ಭಯ ಆಗುತ್ತದಾ ಅನ್ನುವ ಪ್ರಶ್ನೆ ಇದೆ. ನೀವು ಅದನ್ನು ಹಾಗೇ ಕನ್ನಡದಲ್ಲಿ ಓದಿ ಹೇಳಿದಿರಿ. ಅಜ್ಜಿ, "ಚಿಟ್ಟೆನಾ? ಹೊಟ್ಟೇಲಿ ಎಂತಕ್ಕೆ ಚಿಟ್ಟೆ?" ಅಂತ ಕೇಳಿ, ಸ್ವಲ್ಪ ಹೊತ್ತು ಯೋಚಿಸಿ, "ಎದೆ ಡವಡವ ಅನ್ನದಾ?" ಅಂದರು ಅಂತ ಬರೆದಿದ್ದೀರಿ. ಸಾವಿರಾರು ಸಲ ಉಲ್ಲೇಖಗೊಂಡ ಒಂದು ಪೇಪರ್ ಸೊರಬದ ಒಂದು ಜಗಲಿಯಲ್ಲಿ ಏನಾಯಿತು ಅಂತ ನಿಮಗೆ ಮಾತ್ರ ಗೊತ್ತು. ಆದರೆ ಅಲ್ಲಿಗೇ ನಿಲ್ಲಿಸಿ ಮತ್ತೆ ಕೋಷ್ಟಕಕ್ಕೆ ಹೋಗಿಬಿಟ್ಟಿದ್ದೀರಿ. ಆ ಪ್ರಶ್ನೆಗೆ ಅಜ್ಜಿ ಕೊನೆಗೆ ಯಾವ ಉತ್ತರ ಕೊಟ್ಟರು, ನೀವು ಯಾವುದಕ್ಕೆ ಗುರುತು ಹಾಕಿದಿರಿ? ಲೇಖನ ತಿದ್ದಿ ಕಳಿಸುವ ತನಕ ಕಾಯಬೇಡಿ, ಇದೊಂದನ್ನು ಈಗಲೇ ಬರೆದು ತಿಳಿಸಿ.