ಟ್ರಕ್ ಓಡಿಸಿ ಬಂದು ಸಂಜೆ ಅಂಗಡಿಯಲ್ಲಿ ಕೆಲಸ ಮಾಡಿದರೆ ಆ ಹೊತ್ತು ವಿಶ್ರಾಂತಿಯ ಲೆಕ್ಕಕ್ಕೆ ಬರುತ್ತದೆಯೇ?

ಬರುವುದಿಲ್ಲ. ಅಮೆರಿಕದ ಇಲಿನಾಯ್‌ನಿಂದ ಅಕ್ಕಪಕ್ಕದ ರಾಜ್ಯಗಳಿಗೆ ಲೋಡ್ ಒಯ್ಯುತ್ತೀರಿ, ಸಂಜೆ ಪರಿಚಯದವರ ಗ್ರೋಸರಿ ಅಂಗಡಿಯಲ್ಲಿ 5 ಗಂಟೆ ಸಂಬಳಕ್ಕೆ ದುಡಿಯುತ್ತೀರಿ ಎಂದು ಬರೆದಿದ್ದೀರಿ. ಅಲ್ಲಿ ಟ್ರಕ್ ಮುಟ್ಟುವುದಿಲ್ಲವಾದ್ದರಿಂದ ಅದು ಆಫ್ ಡ್ಯೂಟಿ ಆಗಬೇಕಲ್ಲವೇ ಎಂದು ಕೇಳಿದ್ದೀರಿ. ನಾನು ಇಲ್ಲೇ ಒಂದು ಸಣ್ಣ ಟ್ರಕ್ಕಿಂಗ್ ಕಂಪನಿಯಲ್ಲಿ ಡ್ರೈವರ್‌ಗಳ ಲಾಗ್, ಅಂದರೆ ಕೆಲಸ ಮತ್ತು ವಿಶ್ರಾಂತಿಯ ಗಂಟೆಗಳ ದಾಖಲೆ, ಪರಿಶೀಲಿಸುವ ಕೆಲಸದಲ್ಲಿದ್ದೇನೆ. ಹೊಸಬರಲ್ಲಿ ಬಹಳ ಮಂದಿ ನಿಮ್ಮಂತೆಯೇ ತಿಳಿದಿರುತ್ತಾರೆ.

ಫೆಡರಲ್ ನಿಯಮಾವಳಿಯ 395.2ನೇ ಕಲಮು 'ಆನ್ ಡ್ಯೂಟಿ' ಅಂದರೆ ಏನೇನು ಎಂದು ಪಟ್ಟಿ ಮಾಡುತ್ತದೆ. ಟ್ರಕ್ಕಿಂಗ್‌ಗೆ ಸಂಬಂಧವೇ ಇಲ್ಲದವರ ಬಳಿ ಹಣ ಪಡೆದು ಮಾಡುವ ಕೆಲಸವೂ ಆ ಪಟ್ಟಿಯಲ್ಲಿದೆ. ಕನ್ನಡ ಕೂಟದ ಹಬ್ಬದೂಟಕ್ಕೆ ಪುಕ್ಕಟೆಯಾಗಿ ಬಡಿಸಲು ನಿಂತರೆ ಲೆಕ್ಕಕ್ಕಿಲ್ಲ. ಅಂಗಡಿಯ ಗಲ್ಲಾದಲ್ಲಿ ಸಂಬಳಕ್ಕೆ ಕೂತರೆ ಲೆಕ್ಕಕ್ಕಿದೆ.

ಎರಡನೇ ಕೆಲಸವನ್ನು ಕಾನೂನು ಬೇಡ ಎನ್ನುವುದಿಲ್ಲ. ಅದು ತಡೆಯುವುದು ಆ ಕೆಲಸವೂ ಸೇರಿ ಗಂಟೆಗಳ ಮಿತಿ ಮುಗಿದ ಮೇಲೆ ಟ್ರಕ್ ಓಡಿಸುವುದನ್ನು. ಬೆಳಿಗ್ಗೆ 6ಕ್ಕೆ ಡ್ಯೂಟಿ ಶುರು ಮಾಡಿ ಮಧ್ಯಾಹ್ನ 3ಕ್ಕೆ ಮುಗಿಸಿದಿರಿ, ಸಂಜೆ 5ರಿಂದ ರಾತ್ರಿ 10ರವರೆಗೆ ಅಂಗಡಿಯಲ್ಲಿದ್ದಿರಿ ಅನ್ನೋಣ. ಮತ್ತೆ ಓಡಿಸುವ ಮುನ್ನ ಬೇಕಾದ ಸತತ 10 ಗಂಟೆಯ ವಿಶ್ರಾಂತಿ ಶುರುವಾಗುವುದೇ ರಾತ್ರಿ 10ಕ್ಕೆ. ಮರುದಿನ 8 ಗಂಟೆಗೆ ಮುಂಚೆ ಸ್ಟೇರಿಂಗ್ ಹಿಡಿಯುವಂತಿಲ್ಲ, ಬೆಳಿಗ್ಗೆ 6ರ ಲೋಡ್ ಕೈತಪ್ಪಿತು. ಅಂಗಡಿಯ ಪಾಳಿ ಬೆಳಿಗ್ಗೆಯೇ ಇದ್ದರೆ ಇನ್ನೊಂದು ತೊಡಕು: ಡ್ಯೂಟಿ ಶುರುವಾದ ಮೇಲೆ ಟ್ರಕ್ ಓಡಿಸಲು ಇರುವ 14 ಗಂಟೆಯ ಗಡುವು ಅಂಗಡಿಗೆ ಕಾಲಿಟ್ಟ ಗಳಿಗೆಯಿಂದಲೇ ಓಡತೊಡಗುತ್ತದೆ. ನಡುವೆ ಎರಡು ಗಂಟೆ ಮನೆಯಲ್ಲಿ ಮಲಗಿ ಎದ್ದರೂ ಅದು ನಿಲ್ಲದು.

ಇದಕ್ಕಿಂತ ಹೆಚ್ಚು ಜನ ಎಡವುವುದು ವಾರದ ಲೆಕ್ಕದಲ್ಲಿ. ವಾರವಿಡೀ ಓಡುವ ಕಂಪನಿಗಳಲ್ಲಿ ಸಾಮಾನ್ಯವಾಗಿ 8 ದಿನಕ್ಕೆ 70 ಗಂಟೆಯ ಮಿತಿ ಇರುತ್ತದೆ. ಸೋಮವಾರದಿಂದ ದಿನಕ್ಕೆ 9 ಗಂಟೆ ಟ್ರಕ್, 5 ಗಂಟೆ ಅಂಗಡಿ ಆದರೆ ಶುಕ್ರವಾರ ರಾತ್ರಿಗೆ ಸರಿಯಾಗಿ 70 ಮುಗಿಯಿತು. ಆದರೆ ಅಂಗಡಿಯ ಹೊತ್ತನ್ನು ಸೇರಿಸದ ನಿಮ್ಮ ಇಎಲ್‌ಡಿ (ಟ್ರಕ್‌ನಲ್ಲಿ ಗಂಟೆಗಳನ್ನು ದಾಖಲಿಸುವ ಎಲೆಕ್ಟ್ರಾನಿಕ್ ಸಾಧನ) ಇನ್ನೂ 25 ಗಂಟೆ ಉಳಿದಿದೆ ಎಂದೇ ತೋರಿಸುತ್ತಿರುತ್ತದೆ. ಡಿಸ್ಪ್ಯಾಚರ್ ಅದನ್ನೇ ನಂಬಿ ಶನಿವಾರಕ್ಕೆ ಲೋಡ್ ಕೊಡುತ್ತಾನೆ, ಪಾಪ ಅವನಿಗೇನು ಗೊತ್ತು. ಆದ್ದರಿಂದ ಅಂಗಡಿಯ ಗಂಟೆಗಳನ್ನು ನೀವೇ 'ಆನ್ ಡ್ಯೂಟಿ, ಡ್ರೈವಿಂಗ್ ಅಲ್ಲ' ಎಂದು ತಿದ್ದಿ, ಪಕ್ಕದಲ್ಲಿ ಕಾರಣ ಬರೆಯಬೇಕು. ಕಂಪನಿಗೆ ಮೊದಲೇ ತಿಳಿಸಿ. ಮುಚ್ಚಿಟ್ಟರೆ ಅದು ಸುಳ್ಳು ಲಾಗ್ ಆಗುತ್ತದೆ. ಅಪಘಾತವಾದ ದಿನ ಎದುರು ಪಕ್ಷದ ವಕೀಲರು ಅಂಗಡಿಯ ಸಂಬಳದ ದಾಖಲೆಯನ್ನೇ ತರಿಸಬಲ್ಲರು.

ಇದೆಲ್ಲ ಬರೀ ಕಾಗದದ ಕಾಟ ಅನ್ನಿಸಬಹುದು. ಆದರೆ 2014ರ ಜೂನ್‌ನಲ್ಲಿ ನ್ಯೂಜೆರ್ಸಿ ಟರ್ನ್‌ಪೈಕ್ ಹೆದ್ದಾರಿಯಲ್ಲಿ ಒಂದು ಟ್ರಕ್ ಮುಂದಿದ್ದ ವ್ಯಾನಿಗೆ ಹಿಂದಿನಿಂದ ಗುದ್ದಿತು. ಹಾಸ್ಯನಟ ಜೇಮ್ಸ್ ಮ್ಯಾಕ್‌ನೇರ್ ಸತ್ತರು, ನಟ ಟ್ರೇಸಿ ಮಾರ್ಗನ್ ತೀವ್ರವಾಗಿ ಗಾಯಗೊಂಡರು. ಚಾಲಕ ಜಾರ್ಜಿಯಾದ ಮನೆಯಿಂದ ಡೆಲವೇರ್‌ಗೆ ರಾತ್ರಿಯಿಡೀ ಗಾಡಿ ಓಡಿಸಿಕೊಂಡು ಬಂದು ಡ್ಯೂಟಿಗೆ ಹತ್ತಿದ್ದ. ಅಪಘಾತದ ಹೊತ್ತಿಗೆ 28 ಗಂಟೆ ನಿದ್ದೆ ಇರಲಿಲ್ಲ ಎಂದು ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ಹೇಳಿತು. ಮನೆಯಿಂದ ಕೆಲಸಕ್ಕೆ ಬರುವ ದಾರಿ ಡ್ಯೂಟಿಯ ಲೆಕ್ಕಕ್ಕೆ ಬರುವುದಿಲ್ಲ. ಆ ದಣಿವನ್ನು ಯಾವ ಲಾಗೂ ತೋರಿಸುತ್ತಿರಲಿಲ್ಲ. ಅದಕ್ಕೇ ಹೇಳುತ್ತೇನೆ, ನಿಯಮ ಕೊಡುವ ಹತ್ತು ಗಂಟೆಯ ವಿಶ್ರಾಂತಿಯಲ್ಲೂ ಪ್ರಯಾಣ, ಅಡುಗೆ, ಮಕ್ಕಳು ಎಲ್ಲ ಕಳೆದು ನಿಮಗೆ ಉಳಿಯುವ ನಿದ್ದೆ ಎಷ್ಟೆಂದು ಪ್ರಾಮಾಣಿಕವಾಗಿ ನೋಡಿಕೊಳ್ಳಿ.

ಹಣದ ಅಗತ್ಯ ನಿಜವಾಗಿ ಇದ್ದರೆ ವಾರದ ಸಂಜೆಗಳನ್ನು ಬಿಟ್ಟು ಅಂಗಡಿಯಲ್ಲಿ ಭಾನುವಾರದ ಪಾಳಿ ಕೇಳಿ ನೋಡಿ. ಸತತ 34 ಗಂಟೆ ಬಿಡುವು ಸಿಕ್ಕರೆ 70ರ ಲೆಕ್ಕ ಹೊಸದಾಗಿ ಶುರುವಾಗುತ್ತದೆ. ಶುಕ್ರವಾರ ರಾತ್ರಿ 9ಕ್ಕೆ ಟ್ರಕ್ ನಿಲ್ಲಿಸಿದರೆ ಭಾನುವಾರ ಬೆಳಿಗ್ಗೆ 7ಕ್ಕೆ 34 ಗಂಟೆ ತುಂಬುತ್ತದೆ. ಶನಿವಾರ ನಾಲ್ಕು ಗಂಟೆ ಅಂಗಡಿಗೆ ಹೋದರೂ ಅದು ಮುರಿದುಬೀಳುತ್ತದೆ, ಹಾಗಾಗಿ ಶನಿವಾರ ಬೇಡ. ಭಾನುವಾರ 8ರಿಂದ 1ರವರೆಗೆ ದುಡಿದರೆ ಹೊಸ ಲೆಕ್ಕದಲ್ಲಿ 5 ಗಂಟೆ ಖರ್ಚು, ರಾತ್ರಿ 11ಕ್ಕೆ ಹತ್ತು ಗಂಟೆಯ ವಿಶ್ರಾಂತಿಯೂ ಪೂರ್ತಿ. ಸೋಮವಾರ ಬೆಳಿಗ್ಗೆ 6ಕ್ಕೆ ನಿರಾತಂಕವಾಗಿ ಹೊರಡಬಹುದು.